ಆರ್ಥಿಕ ಹಿಂಜರಿತದ ಕಾಲದಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟರಿಗೂ ಎಂಜಿನಿಯರರಿಗೂ ಏನು ಬೆಲೆ? ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಕೊನೆಯಿಂದೀಚೆಗೆ ಹಳೆಯ ಸಹೋದ್ಯೋಗಿಗಳು, ಸಣ್ಣ ಕಂಪನಿ ನಡೆಸುವವರು, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿದ ತಂದೆ ತಾಯಂದಿರು ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವಂಥವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲಿನವು ಈ ಕ್ಷೇತ್ರದ ಹೊರಗಿರುವವರಿಗೂ ಸಲ್ಲುತ್ತವೆ. ಮುಂದಿನವು ಕ್ರಮವಾಗಿ ಕಂಪನಿ ನಡೆಸುವವರಿಗೆ, ಕೆಲಸದಲ್ಲಿರುವವರಿಗೆ ಮತ್ತು ವಿನ್ಯಾಸದ ತೀರ್ಮಾನ ಕೈಗೊಳ್ಳುವವರಿಗೆ ಸಂಬಂಧಿಸಿವೆ.

ಮೊದಲ ಹಂತ: ಹಿನ್ನೆಲೆ

ಎಂಜಿನಿಯರ್‌ಗಳು ಇರುವಾಗ ಆರ್ಕಿಟೆಕ್ಟ್ ಅಂತ ಬೇರೆ ಒಬ್ಬರು ಯಾಕೆ ಬೇಕು?

ಎಂಜಿನಿಯರ್ ಒಂದು ಭಾಗವನ್ನು ಸರಿಯಾಗಿ ಕಟ್ಟುತ್ತಾರೆ, ಕೆಟ್ಟಾಗ ರಿಪೇರಿ ಮಾಡುತ್ತಾರೆ. ಆ ಭಾಗಗಳು ಒಂದಕ್ಕೊಂದು ಹೇಗೆ ಮಾತಾಡಬೇಕು, ದತ್ತಾಂಶ ಎಲ್ಲಿರಬೇಕು, ಒಂದು ಭಾಗ ಬಿದ್ದರೆ ಉಳಿದವು ನಿಲ್ಲಬೇಕೋ ನಡೆಯಬೇಕೋ, ಐದು ವರ್ಷದ ನಂತರ ಬದಲಿಸುವುದು ಯಾವುದು ಸುಲಭ ಯಾವುದು ಕಷ್ಟ ಎಂಬುದನ್ನು ಮೊದಲೇ ಯೋಚಿಸಿ ತೀರ್ಮಾನಿಸುವುದು ಆರ್ಕಿಟೆಕ್ಟರ ಕೆಲಸ. ಸಣ್ಣ ತಂಡದಲ್ಲಿ ಎರಡೂ ಕೆಲಸವನ್ನು ಒಬ್ಬರೇ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಯಾವ ಹುದ್ದೆ ಅಚ್ಚಾಗಿದೆ ಎಂಬುದು ಮುಖ್ಯವಲ್ಲ, ಈ ತೀರ್ಮಾನಗಳನ್ನು ಯಾರಾದರೂ ತಿಳಿದು ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದು ಮುಖ್ಯ. ಯಾರೂ ತೆಗೆದುಕೊಳ್ಳದಿದ್ದರೂ ತೀರ್ಮಾನಗಳೇನೋ ಆಗಿಯೇ ಆಗುತ್ತವೆ. ಆದರೆ ಅವಸರದಲ್ಲಿ, ಯಾರ ಗಮನಕ್ಕೂ ಬಾರದೆ ಆಗುತ್ತವೆ.

ಅಮೆರಿಕದಲ್ಲಿ ಬಡ್ಡಿ ಏರಿದರೆ ಬೆಂಗಳೂರಿನಲ್ಲಿ ಕೆಲಸ ಯಾಕೆ ಹೋಗುತ್ತದೆ?

ನಮ್ಮ ಐಟಿ ಸೇವಾ ಕಂಪನಿಗಳ ಆದಾಯದ ದೊಡ್ಡ ಪಾಲು ಅಮೆರಿಕದ ಬ್ಯಾಂಕು, ವಿಮೆ, ಚಿಲ್ಲರೆ ವ್ಯಾಪಾರದ ಗ್ರಾಹಕರಿಂದ ಬರುತ್ತದೆ. 2020ರಿಂದ ಎರಡು ವರ್ಷ ಅಲ್ಲಿ ಬಡ್ಡಿ ದರ ಹೆಚ್ಚುಕಡಿಮೆ ಸೊನ್ನೆಯಲ್ಲಿತ್ತು. ಸಾಲ ಅಗ್ಗವಾಗಿದ್ದಾಗ, ಲಾಭ ಯಾವಾಗ ಬರುತ್ತದೆ ಎಂದು ಹೆಚ್ಚು ಕೇಳದೆಯೇ ಯೋಜನೆಗಳಿಗೆ ಹಣ ಸಿಗುತ್ತಿತ್ತು. 2022ರ ಮಾರ್ಚಿನಿಂದ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ದರವನ್ನು ಏರಿಸುತ್ತ ಹೋಗಿ 2023ರ ಜುಲೈ ವೇಳೆಗೆ ಶೇ. 5.25ರಿಂದ 5.50ಕ್ಕೆ ತಂದಿತು. ಹತ್ತು ವರ್ಷದ ನಂತರ ಬರುವ ಲಾಭದ ಇಂದಿನ ಬೆಲೆ ಕುಸಿಯಿತು, ದೂರದ ಕನಸಿನ ಯೋಜನೆಗಳು ಮೊದಲು ನಿಂತವು. ಮೆಟಾ 2022ರ ನವೆಂಬರಿನಲ್ಲಿ 11,000 ಜನರನ್ನು, ಗೂಗಲ್ 2023ರ ಜನವರಿಯಲ್ಲಿ 12,000 ಜನರನ್ನು, ಅದೇ ತಿಂಗಳು ಮೈಕ್ರೋಸಾಫ್ಟ್ 10,000 ಜನರನ್ನು ಕೈಬಿಡುವುದಾಗಿ ಹೇಳಿದವು.

ಇದರ ಜೊತೆಗೆ, ಹೆಚ್ಚು ಚರ್ಚೆಯಾಗದ ಒಂದು ತೆರಿಗೆ ಬದಲಾವಣೆಯೂ ಇತ್ತು. 2022ರ ತೆರಿಗೆ ವರ್ಷದಿಂದ ಅಮೆರಿಕದ ಕಂಪನಿಗಳು ಸಾಫ್ಟ್‌ವೇರ್ ಅಭಿವೃದ್ಧಿಯ ವೆಚ್ಚವನ್ನು ತೆರಿಗೆ ಕಟ್ಟುವ ಆದಾಯದಿಂದ ಅದೇ ವರ್ಷ ಪೂರ್ತಿ ಕಳೆಯುವಂತಿರಲಿಲ್ಲ. ದೇಶದೊಳಗಿನ ಕೆಲಸವಾದರೆ 5 ವರ್ಷ, ಹೊರದೇಶದಲ್ಲಿ ಮಾಡಿಸಿದ್ದಾದರೆ 15 ವರ್ಷಗಳಲ್ಲಿ ಹಂಚಿ ಕಳೆಯಬೇಕಾಯಿತು. 2025ರ ಜುಲೈಯಲ್ಲಿ ಬಂದ ಕಾನೂನು ದೇಶದೊಳಗಿನ ಕೆಲಸಕ್ಕೆ ಹಳೆಯ ಅನುಕೂಲವನ್ನು ಮರಳಿ ಕೊಟ್ಟಿತು, ಹೊರದೇಶದ 15 ವರ್ಷವನ್ನು ಹಾಗೇ ಉಳಿಸಿತು. ವೈಟ್‌ಫೀಲ್ಡಿನ ಒಂದು ತಂಡದ ಕೆಲಸ ಅಮೆರಿಕದ ಕಂಪನಿಯ ಲೆಕ್ಕಪತ್ರದಲ್ಲಿ ಹೇಗೆ ಕಾಣುತ್ತದೆ ಎಂಬುದರ ಮೇಲೆ ಇಂಥ ಸಂಗತಿಗಳ ಪ್ರಭಾವವಿದೆ. ಆ ತಂಡದವರ ಜಾಣ್ಮೆಗೂ ಇದಕ್ಕೂ ಸಂಬಂಧವಿಲ್ಲ.

ಪರಿಣಾಮ ಇಲ್ಲಿಯೂ ಅಂಕಿಗಳಲ್ಲಿ ಕಂಡಿತು. ಇನ್ಫೋಸಿಸ್‌ನ ಸಿಬ್ಬಂದಿ ಸಂಖ್ಯೆ 2023ರ ಮಾರ್ಚಿನಲ್ಲಿ ಸುಮಾರು 3.43 ಲಕ್ಷ ಇದ್ದದ್ದು ಒಂದು ವರ್ಷದಲ್ಲಿ ಸುಮಾರು 3.17 ಲಕ್ಷಕ್ಕೆ ಇಳಿಯಿತು. ಇದರಲ್ಲಿ ಬಹುಪಾಲು, ಬಿಟ್ಟು ಹೋದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದೆ ಆದ ಇಳಿಕೆ.

ಲಾಭದಲ್ಲಿರುವ ಕಂಪನಿಯೂ ಜನರನ್ನು ತೆಗೆಯುತ್ತದೆ. ಹಾಗಾದರೆ ತೆಗೆಸಿಕೊಂಡವರು ಬೇಡವಾದವರೇ?

ಅಲ್ಲ. ಮಾರುಕಟ್ಟೆ ಒಬ್ಬರಿಗೆ ಕೊಡುವ ಸಂಬಳವೇ ಬೇರೆ, ಅವರು ನೋಡಿಕೊಳ್ಳುವ ವ್ಯವಸ್ಥೆಗೆ ಅವರಿಂದ ಆಗುವ ಪ್ರಯೋಜನವೇ ಬೇರೆ. ಹಿಂಜರಿತದಲ್ಲಿ ಮೊದಲನೆಯದು ಇಳಿಯುತ್ತದೆ. ಎರಡನೆಯದು ಬಹಳ ಸಲ ಏರುತ್ತದೆ, ಏಕೆಂದರೆ ಕೈಗಳು ಕಡಿಮೆಯಾಗಿರುತ್ತವೆ, ತಪ್ಪು ಮಾಡಿ ತಿದ್ದಿಕೊಳ್ಳುವಷ್ಟು ಹಣ ಇರುವುದಿಲ್ಲ. ಕೈಬಿಡುವ ಪಟ್ಟಿ ಸಾಮಾನ್ಯವಾಗಿ ಪ್ರಾಜೆಕ್ಟ್, ವಿಭಾಗ, ಸಂಬಳದ ಸ್ತರ, ಗ್ರಾಹಕರಿಗೆ ಬಿಲ್ ಹಾಕುವ ಕೆಲಸದಲ್ಲಿ (ಬಿಲ್ಲಬಲ್) ಇದ್ದಾರೋ ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿದ್ದಾರೋ ಎಂಬುದರ ಮೇಲೆ ತಯಾರಾಗುತ್ತದೆ. ಒಂದು ಉತ್ಪನ್ನವನ್ನೇ ಮುಚ್ಚಿದಾಗ ಅದರಲ್ಲಿದ್ದ ಅತ್ಯುತ್ತಮ ಎಂಜಿನಿಯರ್ ಕೂಡ ಹೊರಗೆ ಬರುತ್ತಾರೆ. ಕೆಲಸ ಕಳೆದುಕೊಂಡ ಗೆಳೆಯರಿಗೆ ಈ ಮಾತನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸುತ್ತದೆ, ಯಾಕೆಂದರೆ ಊರಿನಲ್ಲಿ ಜನ ಕೇಳುವ ಮೊದಲ ಪ್ರಶ್ನೆ "ಏನು ತಪ್ಪು ಮಾಡಿದೆ?" ಎಂದೇ ಇರುತ್ತದೆ.

ಎರಡನೆಯ ಹಂತ: ಕಂಪನಿ ನಡೆಸುವವರು ಕೇಳುವುದು

ಆರ್ಕಿಟೆಕ್ಟ್ ಕೋಡ್ ಬರೆಯುವುದಿಲ್ಲ, ಸಂಬಳ ಮಾತ್ರ ಹೆಚ್ಚು. ಮೊದಲು ಅವರನ್ನೇ ಕಡಿಮೆ ಮಾಡಿದರೆ ತಪ್ಪೇನು?

ಕೆಲವು ಕಡೆ ತಪ್ಪೇನಿಲ್ಲ. ಚಿತ್ರ ಬಿಡಿಸಿ ಸ್ಲೈಡ್ ತೋರಿಸಿ, ಆ ಚಿತ್ರದಂತೆ ಕಟ್ಟಲು ಸಾಧ್ಯವೇ ಎಂದು ಒಮ್ಮೆಯೂ ಕೋಡ್ ತೆರೆದು ನೋಡದ ಆರ್ಕಿಟೆಕ್ಟರನ್ನು ನಾನೂ ಕಂಡಿದ್ದೇನೆ. ಅವರಿಂದ ತಂಡಕ್ಕೆ ಹೊರೆಯೇ ಹೊರತು ಉಪಯೋಗವಿಲ್ಲ. ಆದರೆ ಹುದ್ದೆಯ ಹೆಸರು ನೋಡಿ ಕತ್ತರಿ ಹಾಕುವ ಮೊದಲು ಮೂರು ಸಂಗತಿಗಳನ್ನು ವಿಚಾರಿಸಿ. ಕಳೆದ ವರ್ಷ ಇವರು ಬೇಡವೆಂದದ್ದರಿಂದ ಯಾವ ಖರೀದಿ ಅಥವಾ ಯಾವ ಯೋಜನೆ ನಿಂತಿತು? ರಾತ್ರಿ ಸಿಸ್ಟಮ್ ಬಿದ್ದಾಗ ಎಂಜಿನಿಯರ್‌ಗಳು ಯಾರಿಗೆ ಫೋನ್ ಮಾಡುತ್ತಾರೆ? ಎರಡು ತಂಡಗಳ ನಡುವೆ ತಕರಾರು ಬಂದಾಗ ಯಾರ ಮಾತಿಗೆ ಇಬ್ಬರೂ ಒಪ್ಪುತ್ತಾರೆ? ಮೂರಕ್ಕೂ ಒಂದೇ ಹೆಸರು ಬಂದರೆ, ಆ ವ್ಯಕ್ತಿಯ ಸಂಬಳ ಉಳಿಸಿ ನೀವು ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು.

ಬೇಡದ್ದನ್ನು ಕಟ್ಟದೆ ಇರುವುದರಿಂದ ಉಳಿಯುವ ಹಣ ಯಾವ ವರದಿಯಲ್ಲೂ ಕಾಣಿಸುವುದಿಲ್ಲ. ಎಂಟು ಜನ ಒಂಬತ್ತು ತಿಂಗಳು ದುಡಿದು ಕಟ್ಟಬೇಕಿದ್ದ ಒಂದು ಭಾಗವನ್ನು, ಈಗಿರುವ ಡೇಟಾಬೇಸಿನಲ್ಲೇ ಒಂದು ಕೋಷ್ಟಕ ಸೇರಿಸಿ ಮುಗಿಸಬಹುದು ಎಂದು ಹೇಳಬಲ್ಲವರು ಆ 72 ತಿಂಗಳ ಸಂಬಳವನ್ನು ಉಳಿಸಿದ್ದಾರೆ.

ಕ್ಲೌಡ್ ಬಿಲ್ ಇಳಿಸಲು ಆರ್ಕಿಟೆಕ್ಟ್ ಬೇಕೇ? ಫೈನಾನ್ಸ್‌ನವರೇ ಮಾಡಬಾರದೇ?

ಅರ್ಧ ದೂರ ಫೈನಾನ್ಸ್‌ನವರೇ ಹೋಗಬಹುದು. ಕ್ಲೌಡ್ ಎಂದರೆ ಅಂತರ್ಜಾಲದ ಮೂಲಕ ಬಾಡಿಗೆಗೆ ಪಡೆಯುವ ಸರ್ವರ್ ಮತ್ತು ಸಂಗ್ರಹ. ಅದರ ಬಿಲ್ಲನ್ನು ಹತ್ತಿರದಿಂದ ನೋಡೋಣ. ಟೆಸ್ಟಿಂಗಿಗೆಂದು ಇಟ್ಟ ಸರ್ವರ್‌ಗಳು ವಾರದ 168 ಗಂಟೆಯೂ ಓಡುತ್ತಿರುತ್ತವೆ. ಅವನ್ನು ಬಳಸುವ ತಂಡ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ 12 ಗಂಟೆ ಎಂದಿಟ್ಟುಕೊಂಡರೂ ವಾರಕ್ಕೆ 60 ಗಂಟೆ ಕೆಲಸ ಮಾಡುತ್ತದೆ. ಉಳಿದ 108 ಗಂಟೆ ನಿಲ್ಲಿಸಿದರೆ ಆ ಸರ್ವರ್‌ಗಳ ಗಂಟೆ ಬಾಡಿಗೆಯಲ್ಲಿ ಶೇ. 64 ಉಳಿಯಿತು. ಇದಕ್ಕೆ ವಿನ್ಯಾಸದ ಜ್ಞಾನ ಬೇಡ, ಒಂದು ಟೈಮರ್ ಸಾಕು.

ಬಿಲ್ಲಿನ ಮುಂದಿನ ಸಾಲು ಲಾಗ್, ಅಂದರೆ ವ್ಯವಸ್ಥೆಯಲ್ಲಿ ನಡೆದದ್ದರ ದಾಖಲೆಗಳ ಸಂಗ್ರಹ. ಅಮೆಜಾನ್ ಕ್ಲೌಡಿನಲ್ಲಿ ಲಾಗ್ ಇಡುವ ಸೇವೆಯಾದ ಕ್ಲೌಡ್‌ವಾಚ್‌ನಲ್ಲಿ ಲಾಗ್ ಎಷ್ಟು ದಿನ ಉಳಿಯಬೇಕೆಂದು ನಾವಾಗಿ ಹೇಳದಿದ್ದರೆ ಅದು ಶಾಶ್ವತವಾಗಿ ಉಳಿಯುತ್ತದೆ, ಬಾಡಿಗೆ ಬೆಳೆಯುತ್ತಲೇ ಇರುತ್ತದೆ. ಇದನ್ನು ಕಂಡ ಲೆಕ್ಕಪತ್ರದವರು "30 ದಿನ ಸಾಕು, ಉಳಿದದ್ದನ್ನು ಅಳಿಸಿ" ಎಂದು ಬರೆದರೆ ಅದು ಸಹಜವೇ. ಆದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಹಣಕಾಸು ಸಂಸ್ಥೆಯಾದರೆ ವ್ಯವಹಾರದ ದಾಖಲೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ 5 ವರ್ಷ ಉಳಿಸಬೇಕು. ಯಾವ ಲಾಗ್ ಕಾನೂನಿಗೆ ಬೇಕು, ಯಾವುದು ಎಂಜಿನಿಯರ್ ಒಬ್ಬರು ದೋಷ ಹುಡುಕಲು ಹಾಕಿ ತೆಗೆಯಲು ಮರೆತದ್ದು ಎಂದು ಬೇರ್ಪಡಿಸುವುದು ಕೋಡ್ ಬಲ್ಲವರ ಕೆಲಸ. ಮರೆತದ್ದನ್ನು ನಿಲ್ಲಿಸಿ, ಬೇಕಾದ್ದನ್ನು ಅಗ್ಗದ ಸಂಗ್ರಹಕ್ಕೆ ಸಾಗಿಸಿದರೆ ಕಾನೂನೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಅದಕ್ಕೂ ಆಳದಲ್ಲಿರುವ ಉಳಿತಾಯ ವಿನ್ಯಾಸದ್ದು. ಜನರ ಕಡತಗಳನ್ನು ಅಂತರ್ಜಾಲದಲ್ಲಿ ಇಟ್ಟುಕೊಡುವ ಡ್ರಾಪ್‌ಬಾಕ್ಸ್ ಕಂಪನಿ ಅವನ್ನು ಬಾಡಿಗೆಯ ಕ್ಲೌಡಿನಿಂದ ಸ್ವಂತ ವ್ಯವಸ್ಥೆಗೆ ತಂದು ಎರಡು ವರ್ಷಗಳಲ್ಲಿ ನಿರ್ವಹಣಾ ವೆಚ್ಚವನ್ನು 7.46 ಕೋಟಿ ಡಾಲರ್‌ನಷ್ಟು ಇಳಿಸಿದ್ದಾಗಿ, 2018ರಲ್ಲಿ ಷೇರುಪೇಟೆಗೆ ಬರುವಾಗ ಸಲ್ಲಿಸಿದ ದಾಖಲೆಯಲ್ಲಿ ಹೇಳಿತು. ಇದನ್ನು ಓದಿ ಎಲ್ಲರೂ ಕ್ಲೌಡ್ ಬಿಡಬೇಕೆಂದು ನಾನು ಹೇಳುವುದಿಲ್ಲ. ಡ್ರಾಪ್‌ಬಾಕ್ಸ್‌ಗೆ ಸಂಗ್ರಹಣೆಯೇ ವ್ಯಾಪಾರ, ಬೇಡಿಕೆ ದೊಡ್ಡದು ಮತ್ತು ಊಹೆಗೆ ಸಿಗುವಂಥದ್ದು. ಹಬ್ಬದ ವಾರ ಹತ್ತು ಪಟ್ಟು ಏರಿ ಮತ್ತೆ ಇಳಿಯುವ ಅಂಗಡಿಗೆ ಬಾಡಿಗೆಯೇ ಲೇಸು. ನಿಮ್ಮದು ಯಾವ ಬಗೆಯ ಬೇಡಿಕೆ ಎಂದು ಅಳೆದು ಹೇಳುವವರು ಬೇಕು.

ಹಳೆಯ ಸಿಸ್ಟಮ್ ಹೇಗೋ ಓಡುತ್ತಿದೆ. ಕೈಯಲ್ಲಿ ಕಾಸಿಲ್ಲದಾಗ ಅದನ್ನು ಯಾಕೆ ಮುಟ್ಟಬೇಕು?

ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲಿ ಇಂಥ ಸ್ಥಿತಿಯನ್ನು ಸಾಲಕ್ಕೆ ಹೋಲಿಸಿದರು. ಅವಸರದಲ್ಲಿ ಬರೆದ ಕೋಡ್ ಸಾಲ, ಅದರ ಮೇಲೆ ಪ್ರತಿ ಬದಲಾವಣೆಯಲ್ಲೂ ವ್ಯಯವಾಗುವ ಹೆಚ್ಚುವರಿ ಸಮಯ ಬಡ್ಡಿ. ಹಿಂಜರಿತದಲ್ಲಿ ಎಲ್ಲ ಸಾಲವನ್ನೂ ತೀರಿಸುವುದು ಆಗದ ಮಾತು. ಯಾವ ಸಾಲದ ಬಡ್ಡಿ ಸಹಿಸಬಹುದು, ಯಾವುದು ಒಂದೇ ದಿನದಲ್ಲಿ ಮುಳುಗಿಸಬಹುದು ಎಂದು ಗುರುತಿಸುವುದು ಮಾತ್ರ ಸಾಧ್ಯ.

ಮುಳುಗಿಸಿದ ಉದಾಹರಣೆ ಸೌತ್‌ವೆಸ್ಟ್ ಏರ್‌ಲೈನ್ಸ್. 2022ರ ಡಿಸೆಂಬರಿನ ಹಿಮ ಬಿರುಗಾಳಿಯಲ್ಲಿ ಅಮೆರಿಕದ ಎಲ್ಲ ವಿಮಾನ ಸಂಸ್ಥೆಗಳೂ ತತ್ತರಿಸಿದವು, ಉಳಿದವು ಬೇಗ ಚೇತರಿಸಿಕೊಂಡವು. ಸೌತ್‌ವೆಸ್ಟ್‌ನ ಸಿಬ್ಬಂದಿಯನ್ನು ವಿಮಾನಗಳಿಗೆ ಹೊಂದಿಸುವ ಹಳೆಯ ಸಾಫ್ಟ್‌ವೇರ್ ಅಷ್ಟೊಂದು ಬದಲಾವಣೆಗಳನ್ನು ತಾಳಲಿಲ್ಲ. ಯಾವ ಪೈಲಟ್ ಯಾವ ಊರಿನಲ್ಲಿದ್ದಾರೆ ಎಂಬುದನ್ನು ಫೋನ್ ಮೂಲಕ ತಿಳಿಯಬೇಕಾಯಿತು. 16,000ಕ್ಕೂ ಹೆಚ್ಚು ವಿಮಾನಗಳು ರದ್ದಾಗಿ 20 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಅಲ್ಲಲ್ಲೇ ಉಳಿದರು. ಮರುವರ್ಷ ಸರ್ಕಾರ 14 ಕೋಟಿ ಡಾಲರ್ ದಂಡ ವಿಧಿಸಿತು. ಸಿಬ್ಬಂದಿಯ ಸಂಘಟನೆಗಳು ಈ ಸಾಫ್ಟ್‌ವೇರಿನ ಬಗ್ಗೆ ವರ್ಷಗಳಿಂದ ಎಚ್ಚರಿಸುತ್ತಿದ್ದವು.

ಇನ್ನೊಂದು ಉದಾಹರಣೆ ಹಿಂಜರಿತದ ಒಳಗಿನದ್ದೇ. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಜನ ಒಟ್ಟಿಗೆ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದಾಗ ನ್ಯೂಜೆರ್ಸಿ ರಾಜ್ಯದಲ್ಲಿ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ವ್ಯವಸ್ಥೆ ಏದುಸಿರು ಬಿಟ್ಟಿತು, ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಅಲ್ಲಿನ ಗವರ್ನರೇ ಕರೆ ಕೊಟ್ಟರು. ಅಂದು ಭತ್ಯೆಗಾಗಿ ಕಾದವರ ಅಡುಗೆಮನೆಯನ್ನು ನೆನೆದರೆ, ವ್ಯವಸ್ಥೆಯ ವಿನ್ಯಾಸ ಕೇವಲ ತಾಂತ್ರಿಕ ವಿಷಯ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಎಲ್ಲವನ್ನೂ ಹೊಸದಾಗಿ ಬರೆದುಬಿಡೋಣವೇ?

ಬೇಡ, ಅದರಲ್ಲೂ ಈ ಸಮಯದಲ್ಲಿ ಖಂಡಿತ ಬೇಡ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ತನ್ನ 50 ಲಕ್ಷಕ್ಕೂ ಮಿಕ್ಕ ಗ್ರಾಹಕರ ಖಾತೆಗಳನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು. 19 ಲಕ್ಷ ಜನರಿಗೆ ತಮ್ಮ ಖಾತೆ ತೆರೆಯಲಾಗಲಿಲ್ಲ. ನಿಯಂತ್ರಕ ಸಂಸ್ಥೆಗಳು 2022ರಲ್ಲಿ 4.86 ಕೋಟಿ ಪೌಂಡ್ ದಂಡ ಹಾಕಿದವು. ಹಳೆಯ ವ್ಯವಸ್ಥೆಯ ಎದುರಿಗೆ ಒಂದು ತೆಳು ಪದರವಿಟ್ಟು, ಅತ್ಯಂತ ಅಪಾಯದ ಒಂದು ಕೆಲಸವನ್ನು ಮಾತ್ರ ಹೊಸದರ ಕಡೆಗೆ ತಿರುಗಿಸಿ, ಎರಡರ ಫಲಿತಾಂಶವನ್ನೂ ಕೆಲವು ವಾರ ತಾಳೆ ನೋಡಿ, ಸರಿಯಿದ್ದರೆ ಮುಂದಿನದಕ್ಕೆ ಹೋಗಿ. ಹಣ ಮಧ್ಯದಲ್ಲಿ ನಿಂತರೂ ಅಲ್ಲಿಯವರೆಗೆ ಮಾಡಿದ್ದು ವ್ಯರ್ಥವಾಗುವುದಿಲ್ಲ.

ಅನುಭವಿ ಒಬ್ಬರು ಹೋದರೆ ಕೆಟಿ (ಹೊರಡುವವರು ತಮ್ಮ ಕೆಲಸದ ತಿಳಿವಳಿಕೆ ಒಪ್ಪಿಸುವುದು) ತೆಗೆದುಕೊಂಡು, ಡಾಕ್ಯುಮೆಂಟ್ ಓದಿಕೊಂಡು ಬೇರೆಯವರು ನೋಡಿಕೊಳ್ಳಬಹುದಲ್ಲ?

ನಾನು ಕೆಲಸ ಮಾಡಿದ ಒಂದು ಪಾವತಿ ವ್ಯವಸ್ಥೆಯಲ್ಲಿ ಒಂದು ಸಾಲು ಇತ್ತು: ಬ್ಯಾಂಕಿನಿಂದ ಬರುವ ಕಡತ ಖಾಲಿ ಇದ್ದರೆ ತಕ್ಷಣ ಮುಂದುವರಿಯಬೇಡ, ಸ್ವಲ್ಪ ಹೊತ್ತು ಕಾದು ಮತ್ತೆ ಓದು. ಪಕ್ಕದಲ್ಲಿ ಯಾವ ಟಿಪ್ಪಣಿಯೂ ಇರಲಿಲ್ಲ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ರಜೆ. ಅದರ ಮುಂದಿನ ಕೆಲಸದ ದಿನ ಆ ಬ್ಯಾಂಕು ಮೊದಲು ಖಾಲಿ ಕಡತವಿಟ್ಟು, ಆಮೇಲೆ ಅದೇ ಹೆಸರಿನಲ್ಲಿ ತುಂಬಿದ ಕಡತವನ್ನು ಕಳಿಸುತ್ತಿತ್ತು. ಖಾಲಿ ಕಡತವನ್ನು ನಂಬಿದರೆ ಹಿಂದಿನ ಪಾವತಿಗಳೆಲ್ಲ ವಿಫಲವೆಂದು ತೋರಿ, ವ್ಯವಸ್ಥೆ ಅದೇ ಹಣವನ್ನು ಇನ್ನೊಮ್ಮೆ ಕಳಿಸುತ್ತಿತ್ತು. ಈ ಕಾರಣ ಗೊತ್ತಿದ್ದ ಒಬ್ಬರೇ ಒಬ್ಬ ಎಂಜಿನಿಯರ್ ಇದ್ದರು. ವೇಗ ಹೆಚ್ಚಿಸಲು ಹೊರಟ ಹೊಸಬರು ಮೊದಲು ಅಳಿಸಲು ಹೋಗುವುದು ಇಂಥ ಸಾಲನ್ನೇ.

ದೊಡ್ಡ ಪ್ರಮಾಣದಲ್ಲಿ ಇದು ಹೇಗಿರುತ್ತದೆ ಎಂಬುದಕ್ಕೆ ನೈಟ್ ಕ್ಯಾಪಿಟಲ್ ಸಾಕ್ಷಿ. 2012ರ ಆಗಸ್ಟ್ 1ರಂದು ಆ ಷೇರು ವಹಿವಾಟು ಸಂಸ್ಥೆ ಹೊಸ ಕೋಡನ್ನು ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹಾಕಿತ್ತು. ಎಂಟನೆಯದರಲ್ಲಿ ವರ್ಷಗಳಿಂದ ಬಳಕೆಯಲ್ಲಿಲ್ಲದ ಹಳೆಯ ಕೋಡ್ ಉಳಿದಿತ್ತು. ಅದನ್ನು ಎಬ್ಬಿಸುವ ಸಂಕೇತವನ್ನೇ ಹೊಸ ಕೆಲಸಕ್ಕೆ ಮರುಬಳಕೆ ಮಾಡಿದ್ದರಿಂದ ಆ ಹಳೆಯ ಕೋಡ್ ಎದ್ದು ಓಡತೊಡಗಿತು. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು, ಸಂಸ್ಥೆ ಸ್ವತಂತ್ರವಾಗಿ ಉಳಿಯಲಿಲ್ಲ.

ಆದ್ದರಿಂದ ಜನರನ್ನು ಕಳಿಸಲೇಬೇಕಾದರೆ, ಹೊರಡುವ ವಾರದ ಕೆಟಿಯನ್ನು ನಂಬಬೇಡಿ. ನೊಂದ ಮನಸ್ಸಿನವರಿಂದ ಆ ಹೊತ್ತಿನಲ್ಲಿ ಎಲ್ಲವನ್ನೂ ನೆನಪಿಸಿಕೊಳ್ಳಲಾಗದು, ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಯಾವ ತೀರ್ಮಾನವನ್ನು ಯಾವ ಕಾರಣಕ್ಕೆ ತೆಗೆದುಕೊಂಡೆವು, ಯಾವ ಪರ್ಯಾಯವನ್ನು ಬಿಟ್ಟೆವು ಎಂದು ಅರ್ಧ ಪುಟ ಬರೆದು ಕೋಡಿನ ಜೊತೆಗೇ ಇಡುವ ಅಭ್ಯಾಸವನ್ನು ಒಳ್ಳೆಯ ದಿನಗಳಲ್ಲೇ ಬೆಳೆಸಬೇಕು.

ಮೂರನೆಯ ಹಂತ: ಕೆಲಸದಲ್ಲಿರುವವರು ಮತ್ತು ಹುಡುಕುವವರು ಕೇಳುವುದು

ನಮ್ಮ ಮಗಳು ಈ ವರ್ಷ ಬಿಇ ಮುಗಿಸಿದಳು. ಕ್ಯಾಂಪಸ್ಸಿಗೆ ಕಂಪನಿಗಳೇ ಸರಿಯಾಗಿ ಬರಲಿಲ್ಲ. ಓದಿದ್ದು ದಂಡವೇ?

ಖಂಡಿತ ಅಲ್ಲ, ಆದರೆ ದಾರಿ ಮೊದಲಿಗಿಂತ ಉದ್ದವಾಗಿದೆ. ಸೇವಾ ಕಂಪನಿಗಳು ಒಟ್ಟೊಟ್ಟಿಗೆ ಸಾವಿರಾರು ಫ್ರೆಶರ್‌ಗಳನ್ನು ತೆಗೆದುಕೊಂಡು ತರಬೇತಿ ಕೊಡುವ ಪದ್ಧತಿ ಕುಗ್ಗಿದೆ. ಇತ್ತ ವಿದೇಶಿ ಕಂಪನಿಗಳು ಇಲ್ಲಿ ತಾವೇ ತೆರೆದ ಕೇಂದ್ರಗಳು ಬೆಳೆಯುತ್ತಿವೆ. 2024ರ ವೇಳೆಗೆ ಭಾರತದಲ್ಲಿ ಇಂಥವು 1,700ಕ್ಕೂ ಹೆಚ್ಚಿದ್ದು ಸುಮಾರು 19 ಲಕ್ಷ ಜನರಿಗೆ ಕೆಲಸ ಕೊಟ್ಟಿದ್ದವು, ಅತಿ ಹೆಚ್ಚು ಕೇಂದ್ರಗಳಿರುವುದು ಬೆಂಗಳೂರಿನಲ್ಲೇ. ಇವು ಕಡಿಮೆ ಜನರನ್ನು, ಆದರೆ ಕೆಲಸ ಬಲ್ಲವರನ್ನು ಕೇಳುತ್ತವೆ.

ನಿಮ್ಮ ಮಗಳಿಗೆ ಹೇಳಿ: ಹತ್ತು ಸರ್ಟಿಫಿಕೇಟು ಸೇರಿಸುವ ಬದಲು, ನಿಜವಾಗಿ ಯಾರಾದರೂ ಬಳಸುವ ಒಂದು ಸಣ್ಣ ವ್ಯವಸ್ಥೆಯನ್ನು ಕಟ್ಟಿ ಆರು ತಿಂಗಳು ನಡೆಸಲಿ. ಹಾಲಿನ ಡೇರಿಯ ಲೆಕ್ಕವಾಗಲಿ, ಊರಿನ ಗ್ರಂಥಾಲಯದ ಪಟ್ಟಿಯಾಗಲಿ, ನಡೆಸುವಾಗ ಬರುವ ತೊಂದರೆಗಳು ಕಲಿಸುವುದನ್ನು ಯಾವ ಕೋರ್ಸೂ ಕಲಿಸದು. ಸಂದರ್ಶನದಲ್ಲಿ "ದತ್ತಾಂಶ ಕಳೆದುಹೋದಾಗ ಏನು ಮಾಡಿದಿರಿ?" ಎಂದು ಕೇಳಿದಾಗ ಅವಳಲ್ಲಿ ಸ್ವಂತ ಉತ್ತರವಿರುತ್ತದೆ. ಹಣ ಕಟ್ಟಿಸಿಕೊಂಡು ಕೆಲಸದ ಭರವಸೆ ಕೊಡುವವರಿಂದ ಮಾತ್ರ ದೂರವಿರಿ.

ಹದಿನೈದು ವರ್ಷ ಆಯಿತು, ಮ್ಯಾನೇಜರ್ ಆಗಿದ್ದೇನೆ. ಕೋಡ್ ಬಿಟ್ಟು ಬಹಳ ದಿನವಾಯಿತು. ನನ್ನಂಥವರ ಕಥೆ ಏನು?

ಹೆದರಿಕೆಗೆ ಕಾರಣವಿದೆ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಸುಮಾರು ಶೇ. 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿದಾಗ ಅದು ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಸ್ತರದವರನ್ನೇ ಕುರಿತದ್ದಾಗಿತ್ತು. ವರದಿ ಸಂಗ್ರಹಿಸಿ ಮೇಲಕ್ಕೆ ಕಳಿಸುವುದೇ ಕೆಲಸವಾಗಿರುವ ಹುದ್ದೆಗಳು ಮರಳಿ ಬರುವ ಲಕ್ಷಣ ನನಗೆ ಕಾಣುತ್ತಿಲ್ಲ.

ಆದರೆ ನಿಮ್ಮಲ್ಲಿ ಹೊಸಬರಲ್ಲಿಲ್ಲದ ಒಂದು ಆಸ್ತಿಯಿದೆ: ವಿಮೆಯೋ ಬ್ಯಾಂಕಿಂಗೋ ಟೆಲಿಕಾಂ ಬಿಲ್ಲಿಂಗೋ, ಒಂದು ವ್ಯವಹಾರ ಒಳಗಿನಿಂದ ಹೇಗೆ ನಡೆಯುತ್ತದೆ ಎಂಬ ಅರಿವು. ಅದರ ಜೊತೆ ತಾಂತ್ರಿಕ ಕೈಚಳಕವನ್ನು ಮರಳಿ ಕೂಡಿಸಿಕೊಳ್ಳಿ. ಮೊದಲು ನಿಮ್ಮದೇ ತಂಡದ ಕೋಡ್ ರಿವ್ಯೂಗಳನ್ನು ಪ್ರತಿದಿನ ಓದಿ, ಆಮೇಲೆ ಸಣ್ಣ ದೋಷಗಳನ್ನು ನೀವೇ ತಿದ್ದಿ, ಬಳಿಕ ಒಂದು ಭಾಗದ ವಿನ್ಯಾಸವನ್ನು ಬರೆದು ಕಿರಿಯರಿಂದ ಟೀಕೆ ಕೇಳಿಸಿಕೊಳ್ಳಿ. ಕಿರಿಯರಿಂದ ತಿದ್ದಿಸಿಕೊಳ್ಳುವುದು ಮೊದಲ ತಿಂಗಳು ಕಷ್ಟವೆನಿಸುತ್ತದೆ, ಆದರೆ ಮರಳುವ ದಾರಿ ಅದೇ.

ಎಐ ಕೋಡ್ ಬರೆಯುತ್ತಿರುವಾಗ ಎಂಜಿನಿಯರ್‌ಗಳ ಅಗತ್ಯವೇ ಇಲ್ಲವಲ್ಲ?

ಕೋಡ್ ಟೈಪ್ ಮಾಡುವ ಸಮಯ ನಿಜವಾಗಿಯೂ ಇಳಿದಿದೆ, ನಾನೂ ಪ್ರತಿದಿನ ಅದನ್ನು ಬಳಸುತ್ತೇನೆ. ಆದರೆ ದೊಡ್ಡ ವ್ಯವಸ್ಥೆಯಲ್ಲಿ ಟೈಪ್ ಮಾಡುವುದು ಯಾವತ್ತೂ ದುಬಾರಿ ಭಾಗವಾಗಿರಲಿಲ್ಲ. ಗ್ರಾಹಕ ನಿಜವಾಗಿ ಕೇಳುತ್ತಿರುವುದು ಏನು, ಈ ಬದಲಾವಣೆ ಇನ್ನೆಲ್ಲಿ ತಾಗುತ್ತದೆ, ತಪ್ಪಿದರೆ ಹೊಣೆ ಯಾರದು ಎಂಬುವೇ ದುಬಾರಿ. ಯಂತ್ರ ಬೇಗ ಬರೆದಷ್ಟೂ ಓದಿ ಒಪ್ಪಬೇಕಾದ ಕೋಡ್ ಹೆಚ್ಚುತ್ತದೆ, ಓದಬಲ್ಲವರ ಮೇಲಿನ ಭಾರವೂ ಹೆಚ್ಚುತ್ತದೆ. ನನ್ನ ಚಿಂತೆ ಬೇರೆಯದು: ಫ್ರೆಶರ್‌ಗಳ ಕೆಲಸವನ್ನು ಯಂತ್ರಕ್ಕೆ ಕೊಟ್ಟು ಅವರನ್ನು ನೇಮಿಸದೆ ಹೋದರೆ, ಹತ್ತು ವರ್ಷದ ನಂತರ ಆ ಕೋಡನ್ನು ಓದಿ ತೀರ್ಪು ಕೊಡುವ ಹಿರಿಯರು ಎಲ್ಲಿಂದ ಬರುತ್ತಾರೆ? ಉದ್ಯಮ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ.

ನನ್ನ ಕೆಲಸದ ಬೆಲೆಯನ್ನು ಮೇಲಿನವರಿಗೆ ತೋರಿಸುವುದು ಹೇಗೆ? ಅಪ್ರೈಸಲ್‌ನಲ್ಲಿ ಏನೇ ಬರೆದರೂ ಯಾರಿಗೂ ಅರ್ಥವಾಗುವುದಿಲ್ಲ.

ರೂಪಾಯಿಯಲ್ಲಿ, ಗಂಟೆಯಲ್ಲಿ, ಅಪಾಯದಲ್ಲಿ ಬರೆಯಿರಿ. "ಡೇಟಾಬೇಸ್ ಕ್ವೆರಿಗಳನ್ನು ಉತ್ತಮಪಡಿಸಿದೆ" ಎಂಬುದು ಹಣಕಾಸು ಮುಖ್ಯಸ್ಥರಿಗೆ ಏನನ್ನೂ ಹೇಳುವುದಿಲ್ಲ. "ತಿಂಗಳ ಕೊನೆಯ ಲೆಕ್ಕ ಮುಗಿಯಲು ಮೊದಲು ಒಂಬತ್ತು ಗಂಟೆ ಬೇಕಿತ್ತು, ಈಗ ಎರಡು ಗಂಟೆ ಸಾಕು, ಆದ್ದರಿಂದ ದೊಡ್ಡ ಸರ್ವರನ್ನು ಬಿಟ್ಟು ಚಿಕ್ಕದಕ್ಕೆ ಇಳಿದೆವು, ವ್ಯತ್ಯಾಸ ತಿಂಗಳಿಗೆ ಇಷ್ಟು" ಎಂದರೆ ಅರ್ಥವಾಗುತ್ತದೆ. ಕೆಲಸ ಶುರುವಾಗುವ ಮೊದಲೇ ಅಳತೆ ತೆಗೆದಿಡಿ, ಮುಗಿದ ಮೇಲೆ ಹಳೆಯ ಅಂಕಿ ಎಲ್ಲೂ ಸಿಗುವುದಿಲ್ಲ. ಉಳಿತಾಯವನ್ನು ಒಬ್ಬರೇ ಮಾಡಿದ್ದೆಂದು ಬರೆಯಬೇಡಿ. ಜೊತೆಗಾರರ ಹೆಸರು ಸೇರಿಸಿದ ವರದಿಯನ್ನು ಜನ ಹೆಚ್ಚು ನಂಬುತ್ತಾರೆ.

ಎಚ್ಆರ್ ಕರೆದು "ನೀವೇ ಪೇಪರ್ ಹಾಕಿಬಿಡಿ" ಎಂದರೆ ಏನು ಮಾಡಬೇಕು?

ಆ ಕೋಣೆಯಲ್ಲೇ ಸಹಿ ಹಾಕಬೇಡಿ. ಯೋಚಿಸಲು ಸಮಯ ಕೇಳಿ, ಹೇಳಿದ್ದನ್ನೆಲ್ಲ ಇಮೇಲ್‌ನಲ್ಲಿ ಬರೆದುಕೊಡುವಂತೆ ವಿನಂತಿಸಿ. ನೀವಾಗಿ ರಾಜೀನಾಮೆ ಕೊಟ್ಟಂತಾದರೆ ಉದ್ಯೋಗ ಕಡಿತದ ಪರಿಹಾರ ಕೇಳುವ ಹಕ್ಕು ದುರ್ಬಲವಾಗುತ್ತದೆ. ಕಾನೂನಿನ ಪ್ರಕಾರ ಕಾರ್ಮಿಕರೆನಿಸುವವರು ಒಂದು ವರ್ಷ ಸತತ ಸೇವೆ ಸಲ್ಲಿಸಿದ್ದರೆ, ಅವರನ್ನು ತೆಗೆಯುವಾಗ ಒಂದು ತಿಂಗಳ ನೋಟಿಸ್ ಮತ್ತು ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕು. ಮ್ಯಾನೇಜರ್ ಎಂಬ ಹೆಸರಿದ್ದೂ ನಿಜವಾಗಿ ಯಾರನ್ನೂ ನಿರ್ವಹಿಸದ ಎಂಜಿನಿಯರ್ ಕಾರ್ಮಿಕರೋ ಅಲ್ಲವೋ ಎಂಬುದು ಮಾಡುವ ಕೆಲಸದ ಸ್ವರೂಪವನ್ನು ನೋಡಿ ನಿರ್ಧಾರವಾಗುತ್ತದೆ, ಆದ್ದರಿಂದ ಕಾರ್ಮಿಕ ಕಾನೂನಿನ ವಕೀಲರನ್ನು ಕೇಳಿ. ಸತತ 5 ವರ್ಷ ಸೇವೆ ಆಗಿದ್ದರೆ ಗ್ರಾಚ್ಯುಟಿ ನಿಮ್ಮ ಹಕ್ಕು. ಕರ್ನಾಟಕದಲ್ಲಿ ಐಟಿ ನೌಕರರ ಸಂಘವಾದ ಕೆಐಟಿಯು ಇಂಥ ದೂರುಗಳನ್ನು ಕಾರ್ಮಿಕ ಇಲಾಖೆಗೆ ಒಯ್ಯುತ್ತದೆ.

ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿರುವ ನಮ್ಮವರಿಗೆ ಕೆಲಸ ಹೋದ ಮೇಲೆ ಸಾಮಾನ್ಯವಾಗಿ ಸಿಗುವುದು ಗರಿಷ್ಠ 60 ದಿನ. ಅವರು ಮೊದಲ ದಿನವೇ ವಲಸೆ ವಕೀಲರನ್ನು ಕಾಣುವುದು ಒಳ್ಳೆಯದು.

ನಾಲ್ಕನೆಯ ಹಂತ: ವಿನ್ಯಾಸದ ತೀರ್ಮಾನಗಳು

ನಲವತ್ತು ಜನ ಇದ್ದಾಗ ಮೈಕ್ರೋಸರ್ವಿಸ್ (ಒಂದು ವ್ಯವಸ್ಥೆಯನ್ನು ಬೇರೆ ಬೇರೆಯಾಗಿ ಓಡುವ ಸಣ್ಣ ತುಂಡುಗಳಾಗಿ ಕಟ್ಟುವುದು) ಮಾಡಿದೆವು. ಈಗ ಹದಿನಾಲ್ಕು ಜನ ಉಳಿದಿದ್ದೇವೆ. ಹಾಗೇ ಇಟ್ಟುಕೊಳ್ಳಬೇಕೇ?

ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿದಂತೆ, ಸಂಸ್ಥೆಯೊಳಗಿನ ಜನರ ಸಂಪರ್ಕದ ಸ್ವರೂಪವೇ ಅವರು ಕಟ್ಟುವ ವ್ಯವಸ್ಥೆಗೂ ಬರುತ್ತದೆ. ಎಂಟು ತಂಡಗಳು ಒಬ್ಬರನ್ನೊಬ್ಬರು ಕಾಯದೆ ಕೆಲಸ ಮಾಡಲೆಂದು ವ್ಯವಸ್ಥೆಯನ್ನು ಮೂವತ್ತು ತುಂಡು ಮಾಡಿದ್ದರೆ, ಆ ತಂಡಗಳೇ ಇಲ್ಲವಾದಾಗ ತುಂಡುಗಳ ಲಾಭವೂ ಹೋಯಿತು. ಪ್ರತಿಯೊಂದಕ್ಕೂ ಬೇರೆ ಡಿಪ್ಲಾಯ್‌ಮೆಂಟ್ (ಸರ್ವರಿಗೆ ಹಾಕುವ ಕೆಲಸ), ಬೇರೆ ನಿಗಾ, ಬೇರೆ ಆನ್-ಕಾಲ್ (ತುರ್ತು ಕರೆಗೆ ಸಿದ್ಧವಿರುವ) ಸರದಿ ಎಂಬ ಖರ್ಚು ಮಾತ್ರ ಉಳಿಯಿತು.

ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ 2023ರಲ್ಲಿ ಇದರ ಒಳ್ಳೆಯ ಉದಾಹರಣೆ ಕೊಟ್ಟಿತು. ಚಿತ್ರ ಮತ್ತು ಧ್ವನಿಯ ಗುಣಮಟ್ಟ ಪರೀಕ್ಷಿಸುವ ಅವರ ಉಪಕರಣ ಅನೇಕ ಚಿಕ್ಕ ಸರ್ವರ್‌ಲೆಸ್ (ಸರ್ವರನ್ನು ತಾವು ನೋಡಿಕೊಳ್ಳದೆ, ಬಳಸಿದಷ್ಟಕ್ಕೆ ಹಣ ಕೊಡುವ) ತುಂಡುಗಳಾಗಿತ್ತು. ತುಂಡುಗಳ ನಡುವೆ ವಿಡಿಯೋ ಚೌಕಟ್ಟುಗಳನ್ನು ಸಾಗಿಸುವುದಕ್ಕೇ, ಪ್ರತಿ ಹಂತದ ಬದಲಾವಣೆಗೇ ಹಣ ಹೋಗುತ್ತಿತ್ತು. ಎಲ್ಲವನ್ನೂ ಒಂದೇ ಪ್ರಕ್ರಿಯೆಯೊಳಗೆ ತಂದಾಗ ಆ ಉಪಕರಣದ ಮೂಲಸೌಕರ್ಯ ವೆಚ್ಚ ಶೇ. 90ಕ್ಕೂ ಹೆಚ್ಚು ಇಳಿಯಿತು. ಇಡೀ ಪ್ರೈಮ್ ವಿಡಿಯೋ ಒಂದೇ ತುಂಡಾಯಿತೆಂದು ಹಲವರು ತಪ್ಪಾಗಿ ತಿಳಿದರು. ಬದಲಾದದ್ದು ಆ ಒಂದು ಉಪಕರಣ ಮಾತ್ರ.

ನಿಮ್ಮ ಮೂವತ್ತರಲ್ಲಿ ಯಾವುವು ಯಾವಾಗಲೂ ಒಟ್ಟಿಗೇ ಬದಲಾಗುತ್ತವೆ ಎಂದು ಕಳೆದ ಆರು ತಿಂಗಳ ಕೋಡ್ ಇತಿಹಾಸದಲ್ಲಿ ನೋಡಿ, ಅವನ್ನು ಒಂದಾಗಿಸಿ. ಪಾವತಿ, ಗ್ರಾಹಕರ ಗುರುತಿನ ವಿವರದಂತಹ ಸೂಕ್ಷ್ಮ ಭಾಗಗಳನ್ನು ಬೇರೆಯಾಗಿಯೇ ಬಿಡಿ.

ಬಜೆಟ್ ಶೇ. 30 ಕಡಿತವಾಗಿದೆ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಟ್ಟಬಾರದು?

ಎಲ್ಲ ತಂಡಗಳಿಗೂ ಸಮನಾಗಿ ಶೇ. 30 ಕತ್ತರಿ ಹಾಕುವುದು ನೋಡಲು ನ್ಯಾಯವೆನಿಸಿದರೂ ಅತ್ಯಂತ ಕೆಟ್ಟ ದಾರಿ. ಎಲ್ಲವೂ ಅರೆಬರೆಯಾಗಿ ನಡೆಯುತ್ತವೆ, ಯಾವುದೂ ನಿಲ್ಲುವುದಿಲ್ಲ. ಕೆಲವನ್ನು ಪೂರ್ತಿ ನಿಲ್ಲಿಸಿ, ಅವುಗಳ ಸರ್ವರ್, ಲೈಸೆನ್ಸ್, ದತ್ತಾಂಶವನ್ನೂ ಕ್ರಮಬದ್ಧವಾಗಿ ಮುಚ್ಚಿ. ಮರಳಿ ಬರಲಾಗದ ತೀರ್ಮಾನಗಳನ್ನು, ಅಂದರೆ ಐದು ವರ್ಷದ ಲೈಸೆನ್ಸ್ ಒಪ್ಪಂದ ಅಥವಾ ಡೇಟಾಬೇಸ್ ಬದಲಾವಣೆಯನ್ನು, ಸಾಧ್ಯವಾದಷ್ಟು ಮುಂದೂಡಿ.

ಭದ್ರತಾ ಪ್ಯಾಚ್ (ಸಾಫ್ಟ್‌ವೇರಿನ ದೋಷ ಮುಚ್ಚುವ ತಿದ್ದುಪಡಿ), ಬ್ಯಾಕಪ್, ಆ ಬ್ಯಾಕಪ್‌ನಿಂದ ನಿಜವಾಗಿ ಮರಳಿ ಪಡೆಯಬಹುದೇ ಎಂಬ ಪರೀಕ್ಷೆ: ಇವುಗಳಿಗೆ ಕೈ ಹಾಕಬೇಡಿ. ಜನರ ಸಾಲದ ದಾಖಲೆ ಇಡುವ ಅಮೆರಿಕದ ಸಂಸ್ಥೆ ಈಕ್ವಿಫ್ಯಾಕ್ಸ್‌ನಲ್ಲಿ, 2017ರ ಮಾರ್ಚಿನಲ್ಲೇ ಲಭ್ಯವಿದ್ದ, ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರಿನ ಪ್ಯಾಚನ್ನು ಒಂದು ವ್ಯವಸ್ಥೆಗೆ ಹಾಕಿರಲಿಲ್ಲ. ಮೇ ತಿಂಗಳಿಂದ ಜುಲೈವರೆಗೆ ಕಳ್ಳರು ಸುಮಾರು 14.7 ಕೋಟಿ ಜನರ ವಿವರ ಕದ್ದರು. 2019ರ ರಾಜಿ ಒಪ್ಪಂದದಲ್ಲಿ ಸಂಸ್ಥೆ ಕನಿಷ್ಠ 57.5 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ಭಾರತದಲ್ಲಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸುರಕ್ಷತೆಯಲ್ಲಿ ಲೋಪವೆಸಗಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ.

ಮಾರುಕಟ್ಟೆ ಸುಧಾರಿಸಿದ ಮೇಲೆ ಜನರನ್ನು ಮತ್ತೆ ತೆಗೆದುಕೊಂಡರಾಯಿತಲ್ಲ?

ಲೆಕ್ಕ ಹಾಕಿ ನೋಡಿ. ಹುದ್ದೆಗೆ ಅನುಮತಿ ಪಡೆದು, ಸಂದರ್ಶನ ನಡೆಸಿ ಆಫರ್ ಕೊಡಲು ಒಂದೂವರೆ ಎರಡು ತಿಂಗಳು. ನಮ್ಮಲ್ಲಿ ಹಿರಿಯರ ನೋಟಿಸ್ ಅವಧಿ ಸಾಮಾನ್ಯವಾಗಿ 90 ದಿನ, ಆ ಅವಧಿಯಲ್ಲಿ ಬೇರೆ ಆಫರ್ ಹಿಡಿದು ಬಾರದೆ ಹೋಗುವವರೂ ಇದ್ದಾರೆ. ಬಂದವರು ದೊಡ್ಡ ವ್ಯವಸ್ಥೆಯೊಂದನ್ನು ಧೈರ್ಯವಾಗಿ ಬದಲಿಸುವಷ್ಟು ಅರಿಯಲು ಇನ್ನೂ ಅರ್ಧ ವರ್ಷ ಬೇಕು. ಒಟ್ಟು ಹೆಚ್ಚುಕಡಿಮೆ ಒಂದು ವರ್ಷ. ಮಾರುಕಟ್ಟೆ ತೆರೆದಾಗ ಎಲ್ಲ ಕಂಪನಿಗಳೂ ಒಟ್ಟಿಗೇ ನೇಮಕಕ್ಕೆ ಇಳಿಯುವುದರಿಂದ ಸಂಬಳವೂ ಏರಿರುತ್ತದೆ. 2021ರಲ್ಲಿ ಬೆಂಗಳೂರು ಇದನ್ನು ಕಣ್ಣಾರೆ ಕಂಡಿದೆ.

ಹಾಗಾಗಿ ಹಣ ನಿಜವಾಗಿಯೂ ಇಲ್ಲದ ಸಂಸ್ಥೆಗಳಿಗೆ ನಾನು ಕೊಡುವ ಸಲಹೆ ಇಷ್ಟು: ಹಿರಿಯರ ಸಂಬಳ ಹೆಚ್ಚಳವನ್ನು ಒಂದು ವರ್ಷ ಮುಂದೂಡುವುದು, ವಾರಕ್ಕೆ ನಾಲ್ಕು ದಿನದ ಕೆಲಸ, ಸಂಬಳವಿಲ್ಲದ ದೀರ್ಘ ರಜೆಯಂತಹ ದಾರಿಗಳನ್ನು ಮೊದಲು ತಂಡದ ಮುಂದಿಟ್ಟು ಮಾತಾಡಿ. ಲೆಕ್ಕವನ್ನು ಮುಚ್ಚಿಡದೆ ತೋರಿಸಿದರೆ ಒಪ್ಪುವವರು ನೀವು ನೆನೆಸಿದ್ದಕ್ಕಿಂತ ಹೆಚ್ಚು ಇರುತ್ತಾರೆ. ಅದಾದ ಮೇಲೂ ಕಳಿಸಲೇಬೇಕಾದರೆ, ಹೋದವರನ್ನು ಮೊದಲು ಕರೆಯುವುದಾಗಿ ಬರೆದುಕೊಡಿ, ಅವರ ಅನುಭವ ಪತ್ರ ಮತ್ತು ಬಾಕಿ ಹಣವನ್ನು ವಿಳಂಬ ಮಾಡದೆ ಕೊಡಿ. ನಿಮ್ಮ ವ್ಯವಸ್ಥೆಯನ್ನು ಬಲ್ಲ ಒಬ್ಬರು ಮರಳಿ ಬರಲು ಒಪ್ಪಿದರೆ ಆ ಅರ್ಧ ವರ್ಷದ ಕಲಿಕೆ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ, ಮತ್ತು ಅವರು ಒಪ್ಪುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ನೀವು ಅವರನ್ನು ಕಳಿಸಿಕೊಟ್ಟ ರೀತಿಯ ಮೇಲೆ ನಿಂತಿರುತ್ತದೆ.